ಉಪ್ಪಿನ ಸಾಲು ಹಿಡಿದು ಹಳೆಯ ಬಜೆಟ್ ಓದಿದ್ದು

ಬ್ರಿಟಿಷರ ಕಾಲದಲ್ಲೊಮ್ಮೆ ಉಪ್ಪಿನ ತೆರಿಗೆ ಮಣಕ್ಕೆ 2 ರೂಪಾಯಿ 8 ಆಣೆ. ರೂಪಾಯಿಗೆ 16 ಆಣೆ, ಅಂದರೆ 40 ಆಣೆ. ಮಣಕ್ಕೆ 40 ಸೇರು. ಹಾಗಾದರೆ ಸೇರು ಉಪ್ಪಿಗೆ ಸರ್ಕಾರದ ತೆರಿಗೆಯೇ 1 ಆಣೆ.

ಈ ಲೆಕ್ಕ ಮಾಡಿದ ದಿನ ಆ ದಪ್ಪ ದಪ್ಪ ಪುಸ್ತಕಗಳು ನನಗೆ ಬೇರೆ ಥರ ಕಾಣತೊಡಗಿದವು. ಅಲ್ಲಿಯವರೆಗೆ ಬ್ರಿಟಿಷ್ ಇಂಡಿಯಾದ ಶಾಸನ ಸಭೆಯ ನಡವಳಿಗಳನ್ನು ಎಂಟು ತಿಂಗಳು ಸುಮ್ನೆ ಪುಟ ತಿರುಗಿಸುತ್ತಾ ಕೂತಿದ್ದೆ. ಭಾಷಣಗಳು ಚೆನ್ನಾಗಿದ್ದವು. ಆದರೆ ಏನೂ ಕೈಗೆ ಸಿಗುತ್ತಿರಲಿಲ್ಲ.

ನಾನು ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಬಿಲ್ಲು, ಚಲನ್ನು, ಲೆಕ್ಕ ಶೀರ್ಷಿಕೆ ಇದರಲ್ಲೇ ಬದುಕು ಕಳೆದಿದೆ. ನಮ್ಮ ಮನೆ ಕುಮಟಾ ಕಡೆ. ಸಾಣಿಕಟ್ಟೆಯ ಉಪ್ಪಿನಾಗರ ದೂರವಿಲ್ಲ. ಮಾರ್ಚ್ ಬಿಸಿಲಿಗೆ ಆಗರದ ಬದುವಿನ ಮೇಲೆ ಉಪ್ಪಿನ ರಾಶಿ ಏಳುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕಲ್ಕತ್ತೆಯಲ್ಲೋ ದಿಲ್ಲಿಯಲ್ಲೋ ಬಜೆಟ್ ಚರ್ಚೆ ಆಗುತ್ತಿದ್ದದ್ದೂ ಅದೇ ಮಾರ್ಚ್‌ನಲ್ಲಿ. ಹಾಗಾಗಿ ಎಲ್ಲವನ್ನೂ ಓದುವ ಆಸೆ ಬಿಟ್ಟು ಒಂದೇ ಒಂದು ಶೀರ್ಷಿಕೆ ಹಿಡಿದೆ. ಉಪ್ಪು. ಅದರ ಸಾಲು ಯಾವ ಪುಟದಲ್ಲಿದೆಯೋ ಅಲ್ಲಿಗೆ ಹೋಗುವುದು. ಆ ಸಾಲಿನ ಬಗ್ಗೆ ಯಾರು ಮಾತಾಡಿದ್ದಾರೋ ಅದನ್ನು ಮಾತ್ರ ಓದುವುದು. ಹೊಸಬರು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಪುಸ್ತಕಗಳಿಗೆ ಅಲೆದಾಟ ಬೇಕಾಗಲಿಲ್ಲ. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ 1854ರಿಂದ ಮುಂದಿನ ನಡವಳಿಗಳಿವೆ. ಪುಣೆಯ ಗೋಖಲೆ ಸಂಸ್ಥೆಯವರೂ ಎಷ್ಟೋ ಹಳೆಯ ಹಣಕಾಸು ವರದಿಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ತೊಂದರೆ ಬೇರೆ ಕಡೆ ಇತ್ತು. ನಾನು ಇಳಿಸಿಕೊಂಡ ಒಂದು ಸಂಪುಟದಲ್ಲಿ ಮಡಚಿಟ್ಟ ದೊಡ್ಡ ಕೋಷ್ಟಕಗಳನ್ನು ಬಿಚ್ಚದೆ ಹಾಗೆಯೇ ಸ್ಕ್ಯಾನ್ ಮಾಡಿದ್ದರು. ಅರ್ಧ ಅಂಕಿ ಮಡಿಕೆಯೊಳಗೆ. ಅದೇ ಸಂಪುಟದ ಇನ್ನೊಂದು ಪ್ರತಿ ಹುಡುಕಲು ಮೂರು ವಾರ ಬೇಕಾಯಿತು. ಈಗ ಏನೇ ಇಳಿಸಿದರೂ ಮೊದಲು ಮಡಿಕೆ ಪುಟ ನೋಡುತ್ತೇನೆ, ಆಮೇಲೆ ಮುಖಪುಟ.

ನನ್ನ ದೊಡ್ಡ ತಪ್ಪು ಹಣದ ಅಳತೆಯದು. ಮೊದಲ ಪಟ್ಟಿಯಲ್ಲಿ ಪೌಂಡ್ ಅಂತ ಕಂಡಲ್ಲೆಲ್ಲ ಹತ್ತರಿಂದ ಗುಣಿಸಿ ರೂಪಾಯಿ ಮಾಡಿದ್ದೆ. ಹಳೆಯ ಪುಸ್ತಕಗಳಲ್ಲಿ ಅದು ಸರಿ. ಆಗ ಲೆಕ್ಕಕ್ಕಾಗಿ ಪೌಂಡಿಗೆ 10 ರೂಪಾಯಿ ಎಂದೇ ಹಿಡಿಯುತ್ತಿದ್ದರು. ಪೇಟೆಯಲ್ಲಿ ರೂಪಾಯಿ ಬೆಲೆ ಕುಸಿದ ಮೇಲೆ ಆ ಲೆಕ್ಕ ಸುಳ್ಳು ಅನ್ನಿಸಿ, ಪೌಂಡಿನ ಗುರುತು ತೆಗೆದು ‘ಆರ್‌ಎಕ್ಸ್’ ಎಂದು ಬರೆಯತೊಡಗಿದರು. ಅಂದರೆ ಹತ್ತು ರೂಪಾಯಿಯ ಒಂದು ಕಟ್ಟು. 1899ರ ಹೊತ್ತಿಗೆ ರೂಪಾಯಿಗೆ 16 ಪೆನ್ಸ್ ಎಂದು ನಿಂತಿತು. ಆಮೇಲೆ ಮತ್ತೆ ಪೌಂಡ್ ಬಂತು. ಆದರೆ ಪೌಂಡಿಗೆ 240 ಪೆನ್ಸ್ ಆದ್ದರಿಂದ ಈ ಪೌಂಡಿಗೆ 15 ರೂಪಾಯಿ. ಹತ್ತು ಲಕ್ಷ ಪೌಂಡ್ ಎಂದು ಒಂದೇ ಥರ ಬರೆದಿದ್ದರೂ ಒಂದು ಕಡೆ 1 ಕೋಟಿ ರೂಪಾಯಿ, ಇನ್ನೊಂದು ಕಡೆ ಒಂದೂವರೆ ಕೋಟಿ. ನನ್ನ ಪಟ್ಟಿಯಲ್ಲಿ ಇಪ್ಪತ್ತು ವರ್ಷದ ಅಂಕಿಗಳು ಮೂರನೇ ಒಂದು ಪಾಲು ಕಡಿಮೆ ಬಂದಿದ್ದವು. ಇಡೀ ಪಟ್ಟಿ ಹರಿದು ಮತ್ತೆ ಬರೆದೆ. ಈಗ ಪ್ರತಿ ಅಂಕಿಯ ಪಕ್ಕ ಮೂಲದಲ್ಲಿ ಯಾವ ಗುರುತಿತ್ತು ಅಂತ ಒಂದು ಕಾಲಂ ಇಟ್ಟಿದ್ದೇನೆ.

ಇನ್ನೊಂದು ವಿಷಯ ಖಜಾನೆಯಲ್ಲಿದ್ದವರಿಗೆ ತಕ್ಷಣ ಹೊಳೆಯುತ್ತದೆ. ಒಂದು ವರ್ಷಕ್ಕೆ ಮೂರು ಅಂಕಿ ಇರುತ್ತವೆ. ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಲೆಕ್ಕ. ಮೂರೂ ಬೇರೆ ಬೇರೆ ವರ್ಷದ ಪುಸ್ತಕದಲ್ಲಿ ಸಿಗುತ್ತವೆ. ಸಭೆಯಲ್ಲಿ ಜಗಳ ಆಗುವುದು ಮೊದಲ ಎರಡರ ಮೇಲೆ. ನಿಜ ಗೊತ್ತಾಗುವುದು ಮೂರನೆಯದರಲ್ಲಿ, ಅಷ್ಟು ಹೊತ್ತಿಗೆ ಜಗಳವಾಡಿದವರು ಎಷ್ಟೋ ಸಲ ಸಭೆಯಲ್ಲೇ ಇರುವುದಿಲ್ಲ. 1867ಕ್ಕಿಂತ ಮುಂಚಿನದನ್ನು ಓದುವವರು ಇನ್ನೂ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಆಗ ಹಣಕಾಸು ವರ್ಷ ಮುಗಿಯುತ್ತಿದ್ದದ್ದು ಏಪ್ರಿಲ್ 30ಕ್ಕೆ. ಮಾರ್ಚ್ 31ಕ್ಕೆ ಬದಲಾಯಿಸಿದ ವರ್ಷದಲ್ಲಿ ಹನ್ನೊಂದೇ ತಿಂಗಳು. ಆ ವರ್ಷ ಆದಾಯ ಇಳಿಯಿತು ಅಂತ ಯಾರಾದರೂ ಬರೆದರೆ ತಿಂಗಳು ಎಣಿಸಿಲ್ಲ ಅಂತ ಅರ್ಥ.

ಈಗ ಉಪ್ಪಿಗೆ ಬರುತ್ತೇನೆ. 1902ರ ಮಾರ್ಚ್ 26. ಕಲ್ಕತ್ತೆ. ಪೀಠದಲ್ಲಿ ವೈಸ್‌ರಾಯ್ ಕರ್ಜನ್. ಸರ್ಕಾರದ ಕೈಯಲ್ಲಿ ಏಳು ಕೋಟಿ ರೂಪಾಯಿ ಉಳಿತಾಯ. ಎಲ್ಲರೂ ಹಣಕಾಸು ಸದಸ್ಯ, ಅಂದರೆ ವೈಸ್‌ರಾಯ್ ಮಂಡಳಿಯಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಲಾ ಅವರನ್ನು ಅಭಿನಂದಿಸಿದ್ದಾರೆ. ಗೋಪಾಲಕೃಷ್ಣ ಗೋಖಲೆ ಎದ್ದು ನಿಂತು, ಈ ಅಭಿನಂದನೆಯಲ್ಲಿ ಸೇರಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಎನ್ನುತ್ತಾರೆ. ಬರ, ಪ್ಲೇಗ್ ಕಂಡ ವರ್ಷಗಳಲ್ಲಿ ಇಷ್ಟು ಹಣ ಉಳಿಯಿತು ಅಂದರೆ ಜನರಿಂದ ಬೇಕಾದ್ದಕ್ಕಿಂತ ಜಾಸ್ತಿ ಕಿತ್ತುಕೊಂಡಿದ್ದೀರಿ ಎಂಬುದು ಅವರ ವಾದ. ಉಪ್ಪಿನ ತೆರಿಗೆ ಇಳಿಸಿ ಎಂದು ಕೇಳಿದರು. ಆಗ ದರ ಅದೇ 2 ರೂಪಾಯಿ 8 ಆಣೆ, 1888ರಿಂದಲೂ.

ಈ ಭಾಷಣ ಬಹಳ ಜನ ಓದಿರುತ್ತಾರೆ. ನಾನು ಹೇಳುವುದು ಭಾಷಣ ಮುಗಿದ ಮೇಲಿನ ಪುಟದ ಬಗ್ಗೆ. ಅಲ್ಲಿ ಮತ ಇಲ್ಲ. ಹೌದು ಎಷ್ಟು, ಇಲ್ಲ ಎಷ್ಟು, ಏನೂ ಇಲ್ಲ. 1892ರ ಕಾಯ್ದೆ ಬಜೆಟ್ ಮೇಲೆ ಮಾತಾಡಲು ಬಿಟ್ಟಿತ್ತು, ಮತ ಹಾಕಲು ಬಿಟ್ಟಿರಲಿಲ್ಲ. ಸದಸ್ಯರು ಮಾತಾಡುತ್ತಾರೆ, ಸರ್ಕಾರ ಉತ್ತರ ಕೊಡುತ್ತದೆ, ವೈಸ್‌ರಾಯ್ ಕೊನೆಯ ಮಾತು ಆಡುತ್ತಾರೆ, ಸಭೆ ಏಳುತ್ತದೆ. ಅಷ್ಟೇ.

ಹಾಗಾದರೆ ಆ ಮಾತು ವ್ಯರ್ಥವಾಯಿತೇ? ನನ್ನ ಪಟ್ಟಿಯ ಮುಂದಿನ ಸಾಲುಗಳನ್ನು ನೋಡಿ. 1903ರಲ್ಲಿ 2 ರೂಪಾಯಿ. 1905ರಲ್ಲಿ 1 ರೂಪಾಯಿ 8 ಆಣೆ. 1907ರಲ್ಲಿ 1 ರೂಪಾಯಿ. ಐದು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ. ಗೋಖಲೆಯವರ ಭಾಷಣದಿಂದಲೇ ಇಳಿಯಿತು ಎಂದು ನಾನು ಬರೆಯುವುದಿಲ್ಲ, ಖಜಾನೆ ತುಂಬಿತ್ತು ಎಂಬುದೂ ಕಾರಣವೇ. ಆದರೆ ವರ್ಷವರ್ಷವೂ ಅವರು ಅದೇ ಸಾಲಿಗೆ ಬಂದು ನಿಲ್ಲುತ್ತಿದ್ದರು. ಮತವೇ ಇಲ್ಲದ ಸಭೆಯಲ್ಲಿ ಅಂಕಿ ಹಿಡಿದು ಹಾಗೆ ನಿಂತವರ ಮೇಲೆ ನನಗೆ ಬಹಳ ಗೌರವ.

1916ರಲ್ಲಿ, ಯುದ್ಧದ ನಡುವೆ, ದರ 1 ರೂಪಾಯಿ 4 ಆಣೆಗೆ ಏರಿತು.

1919ರ ಕಾಯ್ದೆ ಬಂದ ಮೇಲೆ ಪುಸ್ತಕದ ರೂಪವೇ ಬದಲಾಗುತ್ತದೆ. ಕೇಂದ್ರ ಶಾಸನ ಸಭೆಯಲ್ಲಿ ಅನುದಾನ ಬೇಡಿಕೆಗಳು, ಕಡಿತದ ಸೂಚನೆಗಳು, ಮತದ ಪಟ್ಟಿಗಳು. ಓದುತ್ತಾ ನನಗೆ ನಮ್ಮ ಆಫೀಸೇ ನೆನಪಾಯಿತು. ನಾವು ಖರ್ಚನ್ನು ವೋಟೆಡ್ (ಸಭೆಯ ಮತ ಬೇಕಾದದ್ದು), ಚಾರ್ಜ್ಡ್ (ಮತ ಬೇಡವಾದದ್ದು) ಅಂತ ವಿಂಗಡಿಸುತ್ತೇವಲ್ಲ, ಅದರ ಹಳೆಯ ಬೇರು ಇಲ್ಲಿದೆ. ಸೈನ್ಯದ ಖರ್ಚು, ಸಾಲದ ಬಡ್ಡಿ, ಲಂಡನ್ನಿನ ಮಂತ್ರಿ ನೇಮಿಸಿದ ಅಧಿಕಾರಿಗಳ ಸಂಬಳ ಇವು ಮತಕ್ಕೆ ಬರುವಂತಿರಲಿಲ್ಲ. ಖರ್ಚಿನ ದೊಡ್ಡ ಭಾಗ ಅಲ್ಲೇ ಹೋಗುತ್ತಿತ್ತು. ಆದ್ದರಿಂದ ಒಂದು ಬೇಡಿಕೆ ಪಾಸಾಯಿತು, ಬಿದ್ದುಹೋಯಿತು ಎಂದು ಓದುವ ಮುಂಚೆ, ಅದರಲ್ಲಿ ಮತಕ್ಕೆ ಇದ್ದ ಹಣ ಎಷ್ಟು ಎಂದು ಬರೆದುಕೊಳ್ಳಿ. ಹಾಗೆಯೇ ‘ನೂರು ರೂಪಾಯಿ ಕಡಿತ’ ಎಂದು ಕಂಡರೆ ಸಣ್ಣ ವಿಷಯ ಎಂದು ದಾಟಿ ಹೋಗಬೇಡಿ. ಅದು ಹಣ ಉಳಿಸಲು ಅಲ್ಲ. ಸರ್ಕಾರದ ಮೇಲಿನ ದೂರನ್ನು ಸಭೆಯ ಮುಂದೆ ಇಡಲು ಇದ್ದ ದಾರಿ. ಸದಸ್ಯರು ಮನಸ್ಸು ಬಿಚ್ಚಿ ಮಾತಾಡಿರುವುದು ಜಾಸ್ತಿ ಅಲ್ಲೇ.

1923ರಲ್ಲಿ ಹಣಕಾಸು ಸದಸ್ಯ ಬೇಸಿಲ್ ಬ್ಲ್ಯಾಕೆಟ್ ಕೊರತೆ ತುಂಬಿಸಲು ಉಪ್ಪಿನ ತೆರಿಗೆ ದುಪ್ಪಟ್ಟು ಮಾಡಲು ಹೊರಟರು. 1 ರೂಪಾಯಿ 4 ಆಣೆಯಿಂದ ಮತ್ತೆ 2 ರೂಪಾಯಿ 8 ಆಣೆ. ಸಭೆ ತಿರಸ್ಕರಿಸಿತು. ಈ ಸಲ ಮತ ಇತ್ತು, ಪಟ್ಟಿ ಇತ್ತು, ಸರ್ಕಾರ ಸೋತಿತ್ತು. ಆದರೂ ವೈಸ್‌ರಾಯ್ ಲಾರ್ಡ್ ರೀಡಿಂಗ್ ತಮ್ಮ ವಿಶೇಷ ಅಧಿಕಾರದಿಂದ ಅದನ್ನು ಪ್ರಮಾಣೀಕರಿಸಿ ಕಾನೂನು ಮಾಡಿದರು.

ಆಗಲೇ ನಾನು ಸೇರಿನ ಲೆಕ್ಕ ಮಾಡಿದ್ದು. ಅರ್ಧ ಆಣೆ ಇದ್ದದ್ದು ಒಂದಾಣೆ. ಸರ್ಕಾರದ ಕಡೆಯವರು ತಲೆಗೆ ಇಷ್ಟು ಎಂದು ಸರಾಸರಿ ತೆಗೆದರೆ ಇದು ಏನೂ ಅಲ್ಲದ ಹೊರೆ ಎಂದು ವಾದಿಸುತ್ತಿದ್ದರು. ಪುಸ್ತಕ ಮುಚ್ಚಿ ಒಳಗೆ ಹೋಗಿ ಆಯಿಯನ್ನು ಕೇಳಿದೆ.

“ಆಯಿ, ಒಂದು ಸೇರು ಉಪ್ಪು ಎಷ್ಟು ದಿನ ಬರ್ತಿತ್ತು ಹಿಂದೆ?”

“ಯಾವ ತಿಂಗಳು ಅಂತ ಹೇಳು. ಅಪ್ಪೆಮಿಡಿ ಹಾಕುವಾಗ ಸೇರಿನ ಲೆಕ್ಕ ಯಾರು ಇಡ್ತಾರೆ? ಮಳೆಗಾಲಕ್ಕೆ ಒಣಮೀನು ಮಾಡುವವರ ಮನೆಯಲ್ಲಂತೂ ಕೇಳಲೇಬೇಡ.”

ಸರಾಸರಿ ತೆಗೆದ ಅಂಕಿಯಲ್ಲಿ ಮಿಡಿಯ ಭರಣಿಯೂ ಇಲ್ಲ, ಮೀನಿನ ಚಾಪೆಯೂ ಇಲ್ಲ. ದನಕ್ಕೆ ಹಾಕುವ ಉಪ್ಪೂ ಇಲ್ಲ. ಅಂದಿನಿಂದ ತಲಾ ಲೆಕ್ಕ ಎಲ್ಲಿ ಕಂಡರೂ ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕುತ್ತೇನೆ.

ಮುಂದಿನ ವರ್ಷ ಸಭೆಯಲ್ಲಿ ಸ್ವರಾಜ್ ಪಕ್ಷದವರಿದ್ದರು, ಮೋತಿಲಾಲ್ ನೆಹರೂ ಮುಂದಾಳತ್ವದಲ್ಲಿ. ಬ್ಲ್ಯಾಕೆಟ್ ದರವನ್ನು 2 ರೂಪಾಯಿಗೆ ಇಳಿಸುವ ಪ್ರಸ್ತಾಪ ತಂದರು. ಸಭೆ ಹಣಕಾಸು ಮಸೂದೆಯನ್ನೇ ತಳ್ಳಿಹಾಕಿತು. ಸರ್ಕಾರ ಮತ್ತೆ ವಿಶೇಷ ಅಧಿಕಾರ ಬಳಸಿತು. ಆದರೆ ಈ ಸಲ ಜಾರಿಗೆ ತಂದ ದರ 1 ರೂಪಾಯಿ 4 ಆಣೆ. ಭಾಷಣ ಮಾತ್ರ ಓದಿದವರು ಸಭೆ ಸೋತಿತು ಎನ್ನುತ್ತಾರೆ. ದರದ ಸಾಲು ಮಾತ್ರ ನೋಡಿದವರು ಸರ್ಕಾರವೇ ಉದಾರವಾಗಿ ಇಳಿಸಿತು ಎಂದುಕೊಳ್ಳುತ್ತಾರೆ. ಎರಡೂ ಪುಸ್ತಕ ಒಟ್ಟಿಗೆ ಮೇಜಿನ ಮೇಲೆ ಬಿಚ್ಚಿಟ್ಟರೆ ತಾನೇ ನಡೆದದ್ದು ಕಾಣುವುದು, ಅಲ್ವಾ?

1930ರ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಜನ ಸಮುದ್ರದಿಂದ ನೀರು ತಂದು ಉಪ್ಪು ಮಾಡಿದಾಗ ಇದ್ದದ್ದೂ ಇದೇ ದರ, ಸೇರಿಗೆ ಅರ್ಧ ಆಣೆ. ನನ್ನ ಪಟ್ಟಿ ಸದ್ಯ ಅದರ ಮುಂದಿನ ವರ್ಷಕ್ಕೆ ಬಂದು ನಿಂತಿದೆ. 1931ರಲ್ಲಿ ಉಪ್ಪಿನ ಮೇಲೆ ನೂರಕ್ಕೆ 25ರಷ್ಟು ಹೆಚ್ಚುವರಿ ಹೊರಿಸಿದರು. 20 ಆಣೆಗೆ 5 ಆಣೆ ಸೇರಿ 1 ರೂಪಾಯಿ 9 ಆಣೆ. ಆ ವರ್ಷದ ಚರ್ಚೆಯ ಸಂಪುಟ ಇಳಿಸಿಕೊಂಡಿದ್ದೇನೆ. ಮಡಿಕೆ ಪುಟಗಳೆಲ್ಲ ಬಿಚ್ಚಿಯೇ ಇವೆ.