ಬ್ಲ್ಯಾಂಕ್ ಮೇಲೆಯೇ ಕಾರ್ಕ್ ಹಿಡಿ ಕಟ್ಟಿದ್ದು: ನನ್ನ ಅನುಭವ

ಮೀನು ಹಿಡಿಯುವ ರಾಡಿಗೆ ಹಿಡಿ ಮಾಡುವಾಗ ಕಾರ್ಕ್ ರಿಂಗುಗಳನ್ನು ಒಂದೊಂದಾಗಿ ಬ್ಲ್ಯಾಂಕ್ (ಇನ್ನೂ ಏನೂ ಜೋಡಿಸದ ಬರೀ ಕೋಲು) ಮೇಲೆಯೇ ಅಂಟಿಸಿ, ಅಲ್ಲೇ ತಿರುಗಿಸಿ ಉಜ್ಜಿ ಆಕಾರ ಕೊಡುತ್ತೇನೆ ಅಂದಾಗ ರಾಡ್ ಕಟ್ಟುವ ಗೆಳೆಯರು ಯಾರೂ ಒಪ್ಪಲಿಲ್ಲ. “ಸ್ಯಾಂಡ್‌ಪೇಪರ್ ಒಂದು ಸಲ ಜಾರಿದರೆ ಬ್ಲ್ಯಾಂಕ್ ಹೋಯ್ತು” ಅಂದ ಒಬ್ಬ. “ಹಿಡಿ ಕೆಟ್ಟರೆ ಬಿಸಾಕಬಹುದು, ಬ್ಲ್ಯಾಂಕ್ ಬಿಸಾಕೋಕಾಗುತ್ತಾ?” ಅಂದ ಇನ್ನೊಬ್ಬ. ಮಾತು ಸುಳ್ಳೇನಲ್ಲ. ಆದರೂ ಹೀಗೆ ಕಟ್ಟಿದ ನಾಲ್ಕೈದು ರಾಡು ಈಗ ಬಳಕೆಯಲ್ಲಿವೆ, ಒಂದರ ಹಿಡಿಯೂ ಅಲುಗಿಲ್ಲ. ಅನುಮಾನಪಟ್ಟವರಲ್ಲೇ ಒಬ್ಬ ತನ್ನ ಹೊಸ ಬ್ಲ್ಯಾಂಕನ್ನು ನನ್ನ ಕೈಗೆ ತಂದುಕೊಟ್ಟಿದ್ದಾನೆ.

ಈ ದಾರಿ ಹಿಡಿದದ್ದು ಹಟಕ್ಕಲ್ಲ, ಖರ್ಚಿಗೆ ಬೇಸತ್ತು. ಮೊದಲು ಸಿದ್ಧ ಹಿಡಿ ಕೊಳ್ಳುತ್ತಿದ್ದೆ. ಅದರ ತೂತು ನೇರ. ನಮ್ಮ ಬ್ಲ್ಯಾಂಕ್ ಬುಡದಲ್ಲಿ ದಪ್ಪ, ಮೇಲಕ್ಕೆ ಹೋದಂತೆ ಸಣ್ಣ. ಬುಡಕ್ಕೆ ಸರಿಯಾಗುವಂತೆ ರೀಮ್ ಮಾಡಿದರೆ, ಅಂದರೆ ತೂತನ್ನು ಒಳಗಿನಿಂದ ಉಜ್ಜಿ ಅಗಲಿಸಿದರೆ, ಮೇಲ್ತುದಿಯಲ್ಲಿ ಸಡಿಲ. ಏಳು ಇಂಚಿನ ಹಿಡಿಯೊಳಗೆ ಉದ್ದ ರೀಮರ್ ಆಡಿಸುವಾಗ ಕೈ ಎತ್ತ ವಾಲುತ್ತದೋ ತೂತೂ ಅತ್ತಲೇ. ಒಂದು ಹಿಡಿಯಂತೂ ಬರುವಾಗಲೇ ತೂತು ನಡುವಿಗಿರಲಿಲ್ಲ. ರೀಲ್ ಸೀಟಿನ (ದಾರ ಸುತ್ತುವ ರೀಲನ್ನು ಕೂರಿಸುವ ಭಾಗದ) ಅಂಚಿಗೆ ಒಂದು ಕಡೆ ಮೆಟ್ಟಿಲಿನ ಹಾಗೆ ಎದ್ದು ನಿಂತಿತು. ಮಾರಿದವನು ವಾಪಸ್ ತಗೊಳ್ಳಲಿಲ್ಲ. ಸಡಿಲಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಕೂರಿಸಿದೆ. ಎಪಾಕ್ಸಿ ಅಂಟು ಟೇಪಿನ ಹೊರಮೈಗಷ್ಟೇ ಹಿಡಿಯಿತು, ಒಳಗೆ ನೀರು ಸೇರಿತು, ಎರಡನೇ ಮಳೆಗಾಲಕ್ಕೆ ಹಿಡಿ ಗಿರ್ರನೆ ತಿರುಗತೊಡಗಿತು. ಅದನ್ನು ಕೊಯ್ದು ತೆಗೆಯುವಾಗ ಆದ ಸಂಕಟ ಬೇಡ. ಅಂಥ ಒಂದು ಸಿದ್ಧ ಹಿಡಿಯ ಹಣಕ್ಕೆ ಮಧ್ಯಮ ದರ್ಜೆಯ ರಿಂಗು ಹೆಚ್ಚುಕಮ್ಮಿ ಮೂರು ಹಿಡಿಗಾಗುವಷ್ಟು ಬರುತ್ತವೆ.

ರಿಂಗು ಗೊತ್ತೇ ಇದೆ: ಅರ್ಧ ಇಂಚು ದಪ್ಪ, ಒಂದೂಕಾಲು ಇಂಚು ಅಗಲ, ಕಾಲು ಇಂಚಿನ ತೂತು. ಮೇಲ್ದರ್ಜೆಯದಕ್ಕೆ ಎರಡು ಮೂರು ಪಟ್ಟು ಬೆಲೆ ತೆರುವುದು ನನ್ನ ಲೆಕ್ಕದಲ್ಲಿ ದಂಡ. ಕಾರ್ಕ್ ಅಂದರೆ ಕಾರ್ಕ್ ಓಕ್ ಮರದ ತೊಗಟೆ, ಒಮ್ಮೆ ಸುಲಿದ ಮೇಲೆ ಮತ್ತೆ ಸುಲಿಯಲು ಒಂಬತ್ತು ವರ್ಷ ಬೇಕು. ಒಳ್ಳೆ ಕಾರ್ಕು ಅಗ್ಗವಾಗುವ ದಿನ ಬರೋದಿಲ್ಲ. ಮಧ್ಯಮದ್ದನ್ನೇ ಇಪ್ಪತ್ತು ಮೂವತ್ತು ಜಾಸ್ತಿ ತಂದು ಆರಿಸಿಕೊಳ್ಳಿ. ಬೆಳಕಿಗೆ ಹಿಡಿದಾಗ ಗುಂಡಿ ಆರಪಾರ ಕಾಣುವುದು ಬೇಡ. ಬೆರಳಲ್ಲಿ ಹಿಸುಕಿದಾಗ ಒಂದೇ ಕಡೆ ಗಟ್ಟಿಯಾಗಿರುವುದೂ ಬೇಡ, ಉಜ್ಜುವಾಗ ಆ ಜಾಗ ಗಂಟಾಗಿ ಉಳಿಯುತ್ತದೆ.

ರೀಮರ್ ನಾನೇ ಮಾಡಿದ್ದು. ಮುರಿದ ಹಳೆ ರಾಡಿನ ಬುಡದ ತುಂಡಿಗೆ 80 ನಂಬರ್ ಸ್ಯಾಂಡ್‌ಪೇಪರಿನ ಪಟ್ಟಿಯನ್ನು ಓರೆಯಾಗಿ ಸುತ್ತಿ ಅಂಟಿಸಿದ್ದೇನೆ. ಬ್ಲ್ಯಾಂಕಿಗಿರುವ ಇಳಿಜಾರೇ ಅದಕ್ಕೂ ಇರುವುದರಿಂದ ಕೊಂಡ ರೀಮರ್ ಪೆಟ್ಟಿಗೆಯಲ್ಲೇ ಇದೆ.

ಈಗ ವಿಷಯಕ್ಕೆ. ಬ್ಲ್ಯಾಂಕ್ ಮೇಲೆ ಪ್ರತಿ ರಿಂಗಿನ ಜಾಗಕ್ಕೂ ಪೆನ್ಸಿಲ್ ಗೀಟು. ರಿಂಗನ್ನು ತುದಿಯಿಂದ ಇಳಿಸುತ್ತಾ, ರೀಮ್ ಮಾಡುತ್ತಾ, ತನ್ನ ಗೀಟಿಗಿಂತ ಸುಮಾರು ಅರ್ಧ ಸೆಂಟಿಮೀಟರ್ ಮೇಲೆ ತಾನಾಗಿ ನಿಲ್ಲುವಂತೆ ಮಾಡಬೇಕು. ಉಳಿದ ದೂರ ಅಂಟು ಹಚ್ಚಿದ ಮೇಲೆ ಒತ್ತಿದರೆ ಜಾರುತ್ತದೆ. ಅದಕ್ಕಿಂತ ಬಿಗಿ ಇಟ್ಟರೆ ಸೀಳುತ್ತದೆ. ನನ್ನವು ಏಳೆಂಟು ಸೀಳಿವೆ, ಎಲ್ಲವೂ ಬುಡದ ಕಡೆಯವು, ಅಲ್ಲಿ ಕಾರ್ಕಿನ ಗೋಡೆ ತೆಳು. ಪ್ರತಿ ರಿಂಗಿನ ಮೇಲೂ ನಂಬರ್ ಮತ್ತು ಮೇಲ್ಮುಖದ ಬಾಣ ಬರೆಯಿರಿ. ತಲೆಕೆಳಗಾದರೆ ಇಳಿಜಾರು ಉಲ್ಟಾ.

ಹದಿನಾಲ್ಕು ರಿಂಗಿಗೆ ಒಂದು ಸಂಜೆ ಪೂರ್ತಿ ಹೋಗುತ್ತದೆ. ಸಿದ್ಧ ಹಿಡಿ ಕೂರಿಸುವವನು ಅಷ್ಟರಲ್ಲಿ ಊಟ ಮಾಡಿ ಮಲಗಿರುತ್ತಾನೆ, ನಿಜ. ಆದರೆ ನನ್ನ ಹಿಡಿಯೊಳಗೆ ಟೇಪೂ ಇಲ್ಲ, ಅಂಟು ತುಂಬಿದ ಸಂದೂ ಇಲ್ಲ. ತೂಕದ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಅಂಟು ನಿಧಾನ ಗಟ್ಟಿಯಾಗುವ ಎಪಾಕ್ಸಿಯೇ. ಐದು ನಿಮಿಷದ್ದನ್ನು ನಂಬಿ ಆರನೇ ರಿಂಗಿಗೇ ಬಟ್ಟಲಲ್ಲಿ ಕಲ್ಲಾಯಿತು, ಅರ್ಧ ಹಿಡಿ ದಂಡ. ಬ್ಲ್ಯಾಂಕನ್ನು 220ರಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ ಸ್ಪಿರಿಟಿನಲ್ಲಿ ಒರೆಸಿ. ಬ್ಲ್ಯಾಂಕಿಗೆ ಧಾರಾಳ ಅಂಟು, ರಿಂಗಿನ ಮುಖಕ್ಕೆ ಬರೀ ಸವರಿದ ಹಾಗೆ. ಮುಖದಲ್ಲಿ ಅಂಟು ದಪ್ಪವಾದರೆ ಮುಂದೆ ಉಜ್ಜುವಾಗ ಕಾರ್ಕ್ ಸವೆದು ಅಂಟಿನ ಗೆರೆ ಏರಿಯಾಗಿ ಉಳಿಯುತ್ತದೆ, ಅಂಗೈಗೆ ಕೊರೆಯುತ್ತದೆ.

ಕ್ಲ್ಯಾಂಪ್ ಅಂದರೆ ಎರಡು ಮರದ ತುಂಡು, ನಡುವೆ ತಿರುಪು ಕೊರೆದ ಎರಡು ಉದ್ದ ಸರಳು. ಒಂದು ತುಂಡು ಬುಡಕ್ಕೆ ಆನಿಕೆ, ಇನ್ನೊಂದು ತೂತು ಕೊರೆದು ಬ್ಲ್ಯಾಂಕಿಗೆ ತೂರಿದ್ದು. ಅಂಟಿನ ಸಣ್ಣ ಮಣಿ ಹೊರಗೆ ಇಣುಕಿದರೆ ಸಾಕು, ನಿಲ್ಲಿಸಿ. ಒಮ್ಮೆ ಜೋರಾಗಿ ಬಿಗಿದೆ: ಕಾರ್ಕು ಕುಗ್ಗಿತು, ಅಂಟೆಲ್ಲ ಹೊರಬಂತು, ಮಾರನೇ ದಿನ ಸಡಿಲಿಸಿದಾಗ ಹಿಗ್ಗಿ ಎರಡು ಕಡೆ ಸಂದು ಬಾಯಿ ಬಿಟ್ಟಿತು. ಹಾಗೇ ಒಂದು ದಿನ ಪೂರ್ತಿ ಬಿಡಿ.

ಎಲ್ಲರೂ ಹೆದರಿಸಿದ್ದು ತಿರುಗಿಸುವ ಹಂತಕ್ಕೆ. ಗ್ರಾಫೈಟ್ ಬ್ಲ್ಯಾಂಕನ್ನು ನೇರ ಡ್ರಿಲ್ಲಿನ ಚಕ್‌ಗೆ (ಬಿಟ್ ಕಚ್ಚುವ ಬಾಯಿಗೆ) ಸಿಕ್ಕಿಸಿದರೆ ಒಡೆಯುತ್ತದೆ, ಅದು ಖಂಡಿತ. ಬುಡದ ಟೊಳ್ಳಿಗೆ ಮರದ ಗೂಟವನ್ನು ಟೇಪ್ ಸುತ್ತಿ ಬಿಗಿಯಾಗಿ ಕೂರಿಸಿ, ಡ್ರಿಲ್ ಆ ಗೂಟವನ್ನು ಹಿಡಿಯಲಿ. ಹಿಡಿಯಾಚೆ ಬಟ್ಟೆ ಹೊದಿಸಿದ ವಿ ಆಕಾರದ ಆನಿಕೆ. ತುದಿಯ ಭಾಗ ಬಿಚ್ಚಿಟ್ಟು ಬುಡದ ಭಾಗವನ್ನಷ್ಟೇ ತಿರುಗಿಸುತ್ತೇನೆ. ಹಿಡಿ ಮುಗಿಯುವಲ್ಲಿ ಬ್ಲ್ಯಾಂಕಿಗೆ ಏಳೆಂಟು ಸುತ್ತು ಮಾಸ್ಕಿಂಗ್ ಟೇಪ್. ಪೇಪರ್ ಜಾರಿದರೆ ಟೇಪು ಹರಿಯುತ್ತದೆ, ಅಷ್ಟೆ. 80ರಿಂದ ಶುರು, 120, 220, ಕೊನೆಗೆ 400. ಪೇಪರನ್ನು ಬೆರಳಲ್ಲಿ ಹಿಡಿಯದೆ ಚಪ್ಪಟೆ ಪಟ್ಟಿಗೆ ಅಂಟಿಸಿ ಒತ್ತಿದರೆ ಅಂಟಿನ ಗೆರೆಯೂ ಕಾರ್ಕೂ ಸಮನಾಗಿ ಸವೆಯುತ್ತವೆ. ವೇಗ ಕಡಿಮೆಯೇ ಇರಲಿ, ಬಿಸಿಯಾದರೆ ಎಪಾಕ್ಸಿ ಮೆತ್ತಗಾಗುತ್ತದೆ. ಮುಖಕ್ಕೆ ಮಾಸ್ಕ್ ಇಲ್ಲದೆ ಕೂರಬೇಡಿ.

ಉಜ್ಜಿದ ಪುಡಿ ಎಸೆಯಬೇಡಿ, ಗುಂಡಿ ಮುಚ್ಚೋಕೆ ಬೇಕು. ಪುಡಿಗೆ ಎಪಾಕ್ಸಿ ಕಲಸಿದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ, ಮರದ ಅಂಟಾದರೆ ಸ್ವಲ್ಪ ವಾಸಿ. ನಾನು ಕಲಸುವುದು ಬೇರೆಯೇ ಒಂದು, ಬಣ್ಣ ಹತ್ತಿರ ಹತ್ತಿರ ಒಂದಾಗುತ್ತದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ವೈನ್ ಬಾಟಲಿಯ ಬಿರಡೆಗಳಲ್ಲೂ ಒಂದು ಹಿಡಿ ಮಾಡಿ ನೋಡಿದೆ. ಪುಕ್ಕಟೆ ಕಾರ್ಕು, ಒಂದೊಂದೂ ನಾಲ್ಕು ಸೆಂಟಿಮೀಟರಿಗಿಂತ ಉದ್ದ, ಸಂದು ಕಡಿಮೆ. ಆದರೆ ಅಗಲ 24 ಮಿಲಿಮೀಟರ್ ಆಸುಪಾಸು; ಉಜ್ಜಿದ ಮೇಲೆ ಉಳಿಯುವುದು ಪುಟ್ಟ ಕೈಗೆ ಸಾಲುವಷ್ಟು. ನೇರ ತೂತು ಕೊರೆಯಲು ಮರದಲ್ಲಿ ಅಚ್ಚು ಮಾಡಬೇಕಾಯಿತು. ಹಗುರ ಸ್ಪಿನ್ನಿಂಗ್ ರಾಡಿನಲ್ಲಿ ರೀಲಿನ ಮುಂದಿರುವ ಹಿಡಿಗೆ ಸಾಕು, ಬುಡಕ್ಕೆ ಆಗದು. ಪುಡಿ ಒತ್ತಿ ಮಾಡಿದ ಬಿರಡೆ ಮಾತ್ರ ಬೇಡ.

ಇನ್ನು ಬುಡದ ಕೊನೆಗೆ ಕಂದು ಬಣ್ಣದ ಬರ್ಲ್ ಕಾರ್ಕಿನ ರಿಂಗು ಹಾಕುವ ಆಸೆ ಇರುವವರಿಗೆ: ಅದು ಗಟ್ಟಿ, ಪಕ್ಕದ ಮೆತ್ತನೆಯದು ಮೊದಲು ಸವೆದು ಹಳ್ಳ ಬೀಳುತ್ತದೆ. ಬರ್ಲನ್ನು ಮೊದಲೇ ಹೆಚ್ಚುಕಮ್ಮಿ ಅಳತೆಗೆ ತಂದು, ಆಮೇಲೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ಉಜ್ಜಿ. ಬುಡಕ್ಕೆ ಒಂದೇ ಹಾಕಿ. ಎರಡು ಹಾಕಿದ್ದರಲ್ಲಿ ರಾಡಿನ ತೂಕ ಹಿಂದಕ್ಕೆ ಜಗ್ಗುತ್ತಿತ್ತು.