ಉತ್ತರ ಕಾಣುವ ಮೊದಲೇ ವಿಡಿಯೋ ನಿಲ್ಲಿಸಿ

ದೊಡ್ಡವರಿಗೆ ವಿಡಿಯೋ ತೋರಿಸಿ ವಿಜ್ಞಾನ ಕಲಿಸುವಾಗ, ಫಲಿತಾಂಶ ಕಾಣುವ ಮುಂಚಿನ ಕ್ಷಣಕ್ಕೆ ನಿಲ್ಲಿಸಿ. ಈಗ ಏನಾಗುತ್ತೆ ಅಂತ ಎಲ್ಲರೂ ಒಂದು ಸಾಲು ಬರೆಯಲಿ, ಆಮೇಲೆ ಮುಂದುವರಿಸಿ. ಧ್ವನಿ ಮ್ಯೂಟ್ ಆಗಿರಲಿ, ಇಲ್ಲದಿದ್ದರೆ ನಿರೂಪಕರೇ ಉತ್ತರ ಹೇಳಿಬಿಡುತ್ತಾರೆ. ಭಾರದ ವಸ್ತು ಬೇಗ ಬೀಳುತ್ತದೆ ಎಂಬಂಥ ನಂಬಿಕೆಗಳು ದೊಡ್ಡವರಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಸುಮ್ನೆ ನೋಡಿದರೆ ಹೊಸ ದೃಶ್ಯವನ್ನೂ ಅದಕ್ಕೇ ಹೊಂದಿಸಿಕೊಳ್ಳುತ್ತಾರೆ. ಬರೆದಿಟ್ಟ ಮೇಲೆ ಜಾರಿಕೊಳ್ಳುವುದು ಕಷ್ಟ, ಅಲ್ವಾ? ಶುರು ಮಾಡಲು 1971ರ ನಾಸಾದ ಚಂದ್ರಯಾನ ಅಪೋಲೊ 15ರ ತುಣುಕು ಚೆನ್ನಾಗಿದೆ. ಚಂದ್ರನ ಮೇಲೆ ಗಗನಯಾತ್ರಿ ಡೇವಿಡ್ ಸ್ಕಾಟ್ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಗರಿ ಹಿಡಿದು ನಿಂತಿದ್ದಾರೆ. ಕೈಬಿಡುವ ಮುನ್ನ ನಿಲ್ಲಿಸಿ. ಎರಡೂ ಒಟ್ಟಿಗೆ ನೆಲ ಮುಟ್ಟುತ್ತವೆ. ಬೀಳುವುದು ಒಂದೂವರೆ ಸೆಕೆಂಡಿನೊಳಗೇ ಮುಗಿಯುತ್ತದೆ, ಹಾಗಾಗಿ ವೇಗವನ್ನು ಕಾಲುಭಾಗಕ್ಕೆ ಇಳಿಸಿ. "ಅಲ್ಲಿ ಗುರುತ್ವ ಇಲ್ಲವಲ್ಲ" ಅಂತ ಯಾರಾದರೂ ಹೇಳಿದರೆ ಖುಷಿಪಡಿ. ಗುರುತ್ವವೇ ಇಲ್ಲದಿದ್ದರೆ ಅವು ಬಿದ್ದದ್ದು ಹೇಗೆ ಎಂದು ಕೇಳಿ. ಅಲ್ಲಿ ಗುರುತ್ವ ಭೂಮಿಯ ಆರನೇ ಒಂದು ಭಾಗದಷ್ಟಿದೆ, ಇಲ್ಲದಿರುವುದು ಗರಿಯನ್ನು ತಡೆಯುವ ಗಾಳಿ. ಪಾಠದ ನಿಜವಾದ ತಿರುಳು ಈ ಮಾತುಕತೆಯಲ್ಲೇ ಇದೆ. ಆದರೆ ಪರಮಾಣುವಿನ ರಚನೆಯಂಥ ವಿಷಯಕ್ಕೆ ಈ ಉಪಾಯ ನಡೆಯುವುದಿಲ್ಲ. ಅನುಭವವೇ ಇಲ್ಲದ ಕಡೆ ಊಹೆ ಬರೀ ಕಣ್ಣುಮುಚ್ಚಾಲೆ. ವಿಡಿಯೋವನ್ನು ಮೊದಲೇ ನೋಡಿದವರಿದ್ದರೂ ಕೆಲಸ ಕೆಟ್ಟಿತು. ಹಾಗೆಯೇ ಬರೆದದ್ದನ್ನು ಜೋರಾಗಿ ಓದಿಸಬೇಡಿ. ಎಲ್ಲರೆದುರು ತಪ್ಪಾಗುವ ಭಯ ದೊಡ್ಡವರಿಗೂ ಇರುತ್ತದೆ.