ತಾಮ್ರ ಬಿಚ್ಚಿ ಫೈಬರ್ ಎಳೆದದ್ದು: ಕರೆಂಟ್ ಹೋದರೂ ಫೋನ್ ಉಳಿದ ಲೆಕ್ಕ

ತೀರ್ಥಹಳ್ಳಿ, ಹೊಸನಗರ ಕಡೆ ಫೈಬರ್ ಎಳೆಯುವವರೆಲ್ಲ ಈ ಮಾತು ಕೇಳಿರುತ್ತೀರಿ: "ತಾಮ್ರದ ಲೈನಲ್ಲಿ ಕರೆಂಟ್ ಇಲ್ದಿದ್ರೂ ಫೋನ್ ಬರ್ತಿತ್ತು ಮಾರಾಯ್ರೆ, ನಿಮ್ಮದು ಕರೆಂಟಿನ ಜೊತೆಗೇ ಹೋಗುತ್ತೆ." ಮಾತು ಸುಳ್ಳಲ್ಲ. ಹಳೇ ಫೋನನ್ನು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯೇ ಸಾಕುತ್ತಿತ್ತು. ಗಾಜಿನ ಎಳೆ ಬೆಳಕು ತರುತ್ತದೆ, ಕರೆಂಟ್ ತರುವುದಿಲ್ಲ. ನಲವತ್ತು ಚಿಲ್ಲರೆ ಮನೆಗಳಲ್ಲಿ ಒಂದು ಪೂರ್ತಿ ಮಳೆಗಾಲ ಫೋನ್ ಕೈಕೊಡದೆ ಉಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದದ್ದು ಡ್ರಾಪ್ ಕೇಬಲ್ಲಿಗೆ, ಅಂದರೆ ಹೊರಗಿಂದ ಮನೆಯೊಳಗೆ ಬರುವ ಕೊನೇ ತುಂಡಿಗೆ. ಮೀಟರಿಗೆ ಒಂದು ರೂಪಾಯಿ ಉಳಿಯುತ್ತದೆಂದು ಸ್ಟೀಲ್ ತಂತಿಯದನ್ನು ಹಾಕಿದೆ. ತಂತಿಯ ತುದಿ ಒಎನ್‌ಟಿ (ಬೆಳಕನ್ನು ಫೋನ್, ಇಂಟರ್ನೆಟ್ ಆಗಿ ಬದಲಿಸುವ ಮನೆಯ ಡಬ್ಬಿ) ಪಕ್ಕದವರೆಗೆ ಬಂದಿತ್ತು. ಏಪ್ರಿಲ್ ಸಿಡಿಲಿಗೆ ಏಳೆಂಟು ಒಎನ್‌ಟಿ ಸುಟ್ಟವು, ತಲಾ ಸುಮಾರು 1,800 ರೂಪಾಯಿ. ಈಗ ಕರೆಂಟ್ ಹರಿಯದ ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಕಡ್ಡಿಯದೇ, ಒಳಗೆ ಬಾಗಿಸಿದರೂ ಬೆಳಕು ಅಷ್ಟಾಗಿ ಸೋರದ ಜಿ.657ಎ2 ಎಳೆ. ಹಳೇ ತಾಮ್ರದ ವೈರನ್ನೂ ಗೋಡೆಯಿಂದ ಪೂರ್ತಿ ಬಿಚ್ಚಿಸುತ್ತೇನೆ, ಸಿಡಿಲಿಗೆ ಅದೂ ದಾರಿಯೇ.

ಬೆಳಕಿನ ಲೆಕ್ಕ ಹೀಗೆ: ಒಂದು ಎಳೆಯ ಬೆಳಕನ್ನು ಎಂಟಕ್ಕೆ ಹಂಚುವ 1:8 ಸ್ಪ್ಲಿಟರ್, ಅದರ ಮೇಲೆ ಇನ್ನೊಂದು 1:8. ಓಎಲ್‌ಟಿ (ನಮ್ಮ ಕಡೆಯಿಂದ ಬೆಳಕು ಕಳಿಸುವ ಯಂತ್ರ) ಪ್ಲಸ್ 4 ಡಿಬಿಎಂ ಬೆಳಕು ಕೊಟ್ಟರೆ, ಸ್ಪ್ಲಿಟರ್‌ಗಳಿಗೇ 21 ಡಿಬಿ (ಬೆಳಕಿನ ನಷ್ಟದ ಅಳತೆ) ಹೋಗುತ್ತದೆ, 4 ಕಿ.ಮೀ. ಎಳೆಗೆ ಒಂದೂವರೆ, ಜಾಯಿಂಟ್ ಕನೆಕ್ಟರ್‌ಗಳಿಗೆ ಇನ್ನೊಂದೂವರೆ. ಮನೆಯಲ್ಲಿ ಮೈನಸ್ 20 ಬರಬೇಕು. "ಮೈನಸ್ 27ರವರೆಗೂ ಓಡುತ್ತದಲ್ಲ" ಎಂದು 25ಕ್ಕೆ ಬಿಟ್ಟು ಬಂದರೆ ಜುಲೈನಲ್ಲಿ ಮತ್ತೆ ಏಣಿ ಹೊರಬೇಕು. ಹೊರಗಿನ ಡಬ್ಬಿಯಲ್ಲಿ ಕೈಯಲ್ಲೇ ಸಿಕ್ಕಿಸುವ 25 ರೂಪಾಯಿಯ ಫಾಸ್ಟ್ ಕನೆಕ್ಟರ್ ಬೇಡವೇ ಬೇಡ. ತೇವ ಹಿಡಿದು ದಿನಕ್ಕೊಂದು ರೀಡಿಂಗ್ ತೋರಿಸುತ್ತದೆ. ಸ್ಪ್ಲೈಸ್ ಮಾಡಿ, ಅಂದರೆ ಎಳೆಗಳನ್ನು ಕರಗಿಸಿ ಬೆಸೆಯಿರಿ. ಅಡಿಕೆ ಮರಕ್ಕೆ ಕೇಬಲ್ ಬಿಗಿದು ಕಟ್ಟಬೇಡಿ, ಮರ ತೂಗಿದಾಗ ಎಳೆ ಜಗ್ಗುತ್ತದೆ.

ಇನ್ನು ಕರೆಂಟು. ಮನೆಯ ಒಎನ್‌ಟಿಗೆ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ, ಸುಮಾರು ಸಾವಿರ ರೂಪಾಯಿ. ಮೊದಲು ನೇರ ಜೋಡಿಸಿದ್ದೆ. ಅಗ್ಗದ ಚಾರ್ಜರ್ 15 ವೋಲ್ಟ್ ದಾಟಿಸಿ ಎರಡು ಒಎನ್‌ಟಿ ಕೊಂದಿತು. ಬ್ಯಾಟರಿ 11ಕ್ಕಿಳಿದಾಗ ಉಳಿದವು ರೀಸ್ಟಾರ್ಟ್ ಆಗುತ್ತಲೇ ಇದ್ದವು. ನಡುವೆ ಇನ್ನೂರು ರೂಪಾಯಿಯ ಬಕ್‌-ಬೂಸ್ಟ್ ಮಾಡ್ಯೂಲ್ ಹಾಕಿ ಸರಿಯಾಗಿ 12ಕ್ಕೆ ಕಟ್ಟಿದ ಮೇಲೆ ರಗಳೆ ನಿಂತಿತು. ವೈಫೈ ಆಫ್ ಮಾಡಿದರೆ ಏಳೆಂಟು ಗಂಟೆ ಬರುತ್ತದೆ, ಹಾಕಿಕೊಂಡೇ ಇದ್ದರೆ ಐದಾರು. ಓಎಲ್‌ಟಿ ಕಡೆ 100 ಎಎಚ್‌ನ ನಾಲ್ಕು ಬ್ಯಾಟರಿ. ಅಲ್ಲಿ ಕತ್ತಲಾದರೆ ಮನೆಯ ಬ್ಯಾಟರಿ ಇದ್ದೂ ವ್ಯರ್ಥ.

ಒಂದು ಹುಚ್ಚು ಪ್ರಯೋಗವೂ ಆಯಿತು. ಅಕ್ಕಪಕ್ಕದ ಎರಡು ಮನೆಗೆ ಒಂದೇ ಬ್ಯಾಟರಿ ಇಟ್ಟು, ಹಳೇ ತಾಮ್ರದಲ್ಲೇ 12 ವೋಲ್ಟ್ ಕಳಿಸೋಣವೆಂದು. 0.5 ಎಂ.ಎಂ. ಜೋಡಿ, ನೂರು ಮೀಟರಿಗೆ ಹೋಗಿ ಬರಲು 17 ಓಮ್. ಒಎನ್‌ಟಿ ಮುಕ್ಕಾಲು ಆಂಪಿಯರ್ ಎಳೆಯಹೊರಟರೆ ದಾರಿಯಲ್ಲೇ ಎಲ್ಲ ವೋಲ್ಟ್ ಕರಗುತ್ತದೆ. ಲೆಕ್ಕ ಹಾಕುವ ಮೊದಲೇ ವೈರ್ ಎಳೆದಿದ್ದೆ.

ಹಳೇ ಫೋನನ್ನು ಒಎನ್‌ಟಿಯ ಫೋನ್ ಪೋರ್ಟಿಗೆ ಕೊಡಬಹುದು. ಮನೆಯೊಳಗಿನ ವೈರಿಂಗಿಗೂ ಕೊಡುವುದಾದರೆ ಎಕ್ಸ್‌ಚೇಂಜಿನಿಂದ ಬರುವ ಹೊರಗಿನ ತಾಮ್ರದ ಜೋಡಿಯನ್ನು ಮೊದಲು ಕತ್ತರಿಸಿ, ಇಲ್ಲವಾದರೆ ಎರಡೂ ಕಡೆಯ ವೋಲ್ಟೇಜ್ ಡಿಕ್ಕಿಯಾಗಿ ಪೋರ್ಟ್ ಹೋಗುತ್ತದೆ. ತಿರುಗಿಸುವ ಡಯಲಿನ ಫೋನ್ ರಿಂಗಾಗುತ್ತದೆ, ಮಾತೂ ಕೇಳುತ್ತದೆ. ಅದರ ಪಲ್ಸ್ (ಡಯಲ್ ತಿರುಗಿಸಿದಾಗ ನಂಬರ್ ತಿಳಿಸುವ ಮಿಡಿತ) ಮಾತ್ರ ನಾನು ಹಾಕಿದ ಒಎನ್‌ಟಿಗಳಿಗೆ ಅರ್ಥವಾಗಲಿಲ್ಲ. ಅಂಥ ಮನೆಗೆ ಒಂದು ಬಟನ್ ಫೋನ್ ಕೊಟ್ಟು, ಹಳೆಯದನ್ನು ಬರುವ ಕರೆಗೆಂದು ಪಕ್ಕದಲ್ಲೇ ಉಳಿಸಿ.